ಮೊದಲ ಹೆಜ್ಜೆಯ ತಾರೀಖು

ಹಳೇ ಹುಬ್ಬಳ್ಳಿಯ ಹೆಗ್ಗೇರಿಯಲ್ಲಿ ಅನಸಕ್ಕ ಬಾರಕೇರಳ ಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಬೆಳಗಿನ ಐದಕ್ಕೆ ಆ ಮನೆಯ ಬಾಗಿಲು ತೆರೆದರೆ ಮುಚ್ಚುವುದು ಸಂಜೆ ದೀಪ ಹಚ್ಚಿದ ಮೇಲೆ. ಆ ನಡುವಿನ ಹೊತ್ತಿನಲ್ಲಿ ಆರು ಕೂಸುಗಳು ಅಲ್ಲಿ ಉಣ್ಣುತ್ತವೆ, ಉಚ್ಚೆ ಹೊಯ್ಯುತ್ತವೆ, ಒಂದನ್ನೊಂದು ಕಚ್ಚುತ್ತವೆ, ಅತ್ತು ಮಲಗುತ್ತವೆ. ಅವುಗಳ ತಾಯಂದಿರು ಗಾಮನಗಟ್ಟಿಯ ಕಡೆಯ ಬ್ಯಾಟರಿ ಕಾರ್ಖಾನೆಗಳಲ್ಲಿ ನಿಂತು ದುಡಿಯುವವರು. ಅನಸಕ್ಕನಿಗೆ ಈಗ ಐವತ್ತೆಂಟು. ಮೂವತ್ತು ವರ್ಷದಿಂದ ಬೇರೆಯವರ ಮಕ್ಕಳ ಮೂಗು ಒರೆಸಿ ಒರೆಸಿ ಅವಳ ಸೆರಗಿನ ತುದಿ ಯಾವತ್ತೂ ಒಣಗಿದ್ದೇ ಇಲ್ಲ.

ನಾಲ್ಕು ವರ್ಷದ ಹಿಂದೆ ಶಿಶು ಪ್ರಗತಿ ಪ್ರಾಧಿಕಾರದವರು ಬಂದು ಅವಳ ಪಡಸಾಲೆಯ ಗೋಡೆಗೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಬಡಿದು ಹೋದರು. ಅದರ ಮುಂದೆ ನಿಂತು ಮಾತಾಡಿದರೆ ಸಾಕು, ಬರೆಯುವ ಕೆಲಸವಿಲ್ಲ. ಅವನಿ ಎರಡು ಇಡ್ಲಿ ತಿಂದಳು, ಒಂದು ತಾಸು ಮಲಗಿದಳು, ಜ್ವರವಿಲ್ಲ ಎಂದರೆ ಪೆಟ್ಟಿಗೆ ಅದನ್ನೆಲ್ಲ ಕೇಳಿಸಿಕೊಂಡು, ಚಂದದ ಭಾಷೆಯಲ್ಲಿ ಬರೆದು, ಸಂಜೆ ತಾಯಿಯ ಫೋನಿಗೆ ಕಳಿಸುತ್ತದೆ. ಇಷ್ಟೇ ಆಗಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಪೆಟ್ಟಿಗೆಗೆ ನಿಜವಾಗಿ ಬೇಕಾಗಿದ್ದುದು ಇಡ್ಲಿಯ ಲೆಕ್ಕವಲ್ಲ. ಅದಕ್ಕೆ 'ಮೊದಲು'ಗಳು ಬೇಕಾಗಿದ್ದವು. ಮಗು ಮೊದಲು ಮಗ್ಗುಲಾದದ್ದು ಯಾವತ್ತು, ಕೂತದ್ದು ಯಾವತ್ತು, ಹೆಜ್ಜೆ ಇಟ್ಟದ್ದು, ಅವ್ವ ಎಂದದ್ದು, ಎರಡು ಮಾತು ಕೂಡಿಸಿ ಆಡಿದ್ದು ಯಾವತ್ತು, ಹೀಗೆ ಒಟ್ಟು ನಲವತ್ತು. ಆ ನಲವತ್ತು ತಾರೀಖುಗಳನ್ನು ಧಾರವಾಡದ ಕಚೇರಿಯಲ್ಲಿರುವ ದೊಡ್ಡ ಯಂತ್ರ ಚುಕ್ಕಿಗಳಂತೆ ಜೋಡಿಸಿ ಒಂದು ಗೆರೆ ಎಳೆಯುತ್ತದೆ, ಆಮೇಲೆ ಆ ಗೆರೆಯನ್ನು ಮಗುವಿನ ಇಪ್ಪತ್ತನೇ ವರ್ಷದವರೆಗೂ ತಾನೇ ಮುಂದಕ್ಕೆ ಎಳೆದುಬಿಡುತ್ತದೆ. ಕೂಸು ಇನ್ನೂ ಚಡ್ಡಿಯಲ್ಲೇ ಉಚ್ಚೆ ಹೊಯ್ಯುತ್ತಿರುವಾಗ ಅದು ಮುಂದೆ ಏನಾಗುತ್ತದೆ ಎಂದು ಹೇಳುವ ಧೈರ್ಯ ಹಿಂದೆ ಜೋಯಿಸರಿಗೆ ಮಾತ್ರ ಇತ್ತು.

ಕ್ಯಾಮೆರಾ ಇಟ್ಟು ನೋಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಮೊದಲು ಇಟ್ಟಿದ್ದರು. ಮಕ್ಕಳ ಚಿತ್ರಗಳು ಎಲ್ಲೆಲ್ಲೋ ಮಾರಾಟವಾದವು, ಕೋರ್ಟು ಛೀಮಾರಿ ಹಾಕಿ ತೆಗೆಸಿತು. ಹಾಗಾದರೆ ಮಗುವನ್ನೇ ಕೂರಿಸಿ ಪರೀಕ್ಷೆ ಮಾಡಬಾರದೇ? ಅದನ್ನೂ ಮಾಡಿದ್ದರು. ಎರಡು ವರ್ಷದ ಕೂಸುಗಳಿಗೆ ಕೋಚಿಂಗ್ ಕ್ಲಾಸುಗಳು ಹುಟ್ಟಿಕೊಂಡವು, ತೊದಲುವ ಬಾಯಿಗಳು ಉತ್ತರ ಉರುಹೊಡೆದವು, ಪರೀಕ್ಷೆ ರದ್ದಾಯಿತು. ಕೊನೆಗೆ ಉಳಿದದ್ದು ಮಗುವನ್ನು ದಿನವಿಡೀ ಕಣ್ಣಲ್ಲಿ ಕಂಡ ಹೆಂಗಸಿನ ಮಾತು. ಒಮ್ಮೆ ಪೆಟ್ಟಿಗೆಗೆ ಒಪ್ಪಿಸಿದ ತಾರೀಖು ಕಲ್ಲಿನ ಮೇಲೆ ಕೊರೆದ ಹಾಗೆ.

ಮೂರು ತುಂಬುವ ಹೊತ್ತಿಗೆ ಯಾರ ಗೆರೆ ಕೆಂಪಗಾಗುತ್ತದೋ ಆ ಮಗು ಆರೈಕೆ ಶಾಲೆಗೆ ಹೋಗಬೇಕು. ಅದು ಬೆಳಗಾವಿ ರಸ್ತೆಯಲ್ಲಿದೆ, ಅಲ್ಲೇ ಇರಬೇಕು, ಆರು ವರ್ಷ ತುಂಬುವವರೆಗೆ. ತಿಂಗಳಿಗೆ ಒಂದು ರವಿವಾರ ತಾಯಿ ತಂದೆ ಬಂದು ನೋಡಬಹುದು. ಅಲ್ಲಿ ಯಾರೂ ಹೊಡೆಯುವುದಿಲ್ಲ, ಹಾಲು ಮೊಟ್ಟೆ ಕೊಡುತ್ತಾರೆ, ಹಾಸಿಗೆ ಮೆತ್ತಗಿದೆ ಎಂದು ಹೋಗಿ ಬಂದವರು ಹೇಳುತ್ತಾರೆ. ಆದರೆ ಅಲ್ಲಿಂದ ಹೊರಬಿದ್ದ ಮಕ್ಕಳಲ್ಲಿ ಒಂದಾದರೂ ಊರ ಶಾಲೆಯ ಬೆಂಚಿನಲ್ಲಿ ಕೂತದ್ದನ್ನು ಹೆಗ್ಗೇರಿಯವರು ಇನ್ನೂ ಕಂಡಿಲ್ಲ. ಅಲ್ಲಿಂದ ಅವರನ್ನು ಇನ್ನೊಂದು ಆರೈಕೆ ಶಾಲೆಗೆ ದಾಟಿಸುತ್ತಾರೆ.

ಆಗಸ್ಟ್ ತಿಂಗಳ ಒಂದು ಸೋಮವಾರ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಅವನಿಯ ಗೆರೆ ಕೆಂಪಗಾಗಿತ್ತು.

ಅನಸಕ್ಕ ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದಳು. ಅವನಿ ಅಲ್ಲೇ ಅವಳ ಕಾಲ ಬಳಿ ಕೂತು ಉಳಿದ ಐದು ಕೂಸುಗಳಿಗೆ ಚುರಮರಿ ಹಂಚುತ್ತಿದ್ದಳು. ಯಾರಿಗೆ ಕೊಟ್ಟಾಯಿತು, ಯಾರಿಗೆ ಇಲ್ಲ ಎಂದು ಬೆರಳು ತೋರಿಸಿ ಎಣಿಸುತ್ತಿದ್ದಳು, ಎರಡನೇ ಸಲ ಕೈ ಚಾಚಿದವನನ್ನು ಬೈಯುತ್ತಿದ್ದಳು. ಆ ಮಗುವನ್ನು ಮಂದ ಎನ್ನಬೇಕಾದರೆ ಹೇಳುವವರ ಕಣ್ಣು ಮಂದವಿರಬೇಕು. ಗೆರೆ ಕೆಂಪಗಾದದ್ದು ಯಾತಕ್ಕೆ ಎಂದು ಅನಸಕ್ಕನಿಗೆ ಆ ಕ್ಷಣವೇ ಹೊಳೆದಿತ್ತು.

ಈ ಕೆಲಸವನ್ನು ಅವಳಿಗೆ ಕಲಿಸಿದವಳು ಅವಳ ಅತ್ತೆ. ಆ ಮುದುಕಿ ಹಾಕಿಕೊಟ್ಟ ಕಟ್ಟಳೆಗಳಲ್ಲಿ ಒಂದು ಹೀಗಿತ್ತು: ಕೂಸು ನಿನ್ನ ಮುಂದೆ ಮೊದಲ ಹೆಜ್ಜೆ ಇಟ್ಟರೆ ನೀನು ನೋಡಿಲ್ಲ ಎಂದು ತಿಳಿ. ತಾಯಿಗೆ ಹೇಳಬೇಡ. ಇವತ್ತೋ ನಾಳೆಯೋ ನಡೆಯುವ ಹಾಗಿದೆ, ಕಣ್ಣಿಟ್ಟಿರು ಎಂದಷ್ಟೇ ಹೇಳಿ ಕಳಿಸು. ಹೆತ್ತವಳು ತನ್ನ ಮನೆಯಲ್ಲಿ ಅದನ್ನು ನೋಡಿ, ಮರುದಿನ ಓಡಿಬಂದು ನಿನಗೆ ಹೇಳಲಿ. ಆಗ ನೀನು ಬಾಯಮೇಲೆ ಕೈಯಿಟ್ಟುಕೊಂಡು ಬೆರಗಾಗು. ಕೂಸು ನೋಡುವ ಹೆಂಗಸರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಹೀಗೆ ಬೆರಗಾದವರೇ. ಅನಸಕ್ಕನಂತೂ ಅದರಲ್ಲಿ ಪಳಗಿದ ಕೈ. ಮೂವತ್ತು ವರ್ಷದಲ್ಲಿ ನೂರಾರು ಸಲ ಬೆರಗಾಗಿದ್ದಾಳೆ, ಒಬ್ಬ ತಾಯಿಗೂ ಅನುಮಾನ ಬಂದಿಲ್ಲ. ಪೆಟ್ಟಿಗೆ ಬಂದ ಮೇಲೂ ಅವಳು ಕಟ್ಟಳೆ ಬಿಡಲಿಲ್ಲ. ತಾಯಿ ಬಂದು ಹೇಳಿದ ತಾರೀಖನ್ನೇ ಪೆಟ್ಟಿಗೆಗೆ ಒಪ್ಪಿಸುತ್ತಿದ್ದಳು. ನಾಲ್ಕು ದಿನ, ಎಂಟು ದಿನ ಹಿಂದೆ ಮುಂದೆ, ಅದರಿಂದ ಯಾರ ಮನೆ ಮುಳುಗುತ್ತದೆ ಎಂದುಕೊಂಡಿದ್ದಳು.

ಆದರೆ ಅವನಿಯ ತಾಯಿ ತನುಶ್ರೀಯ ಪಾಲಿಗೆ ಎಂಟು ದಿನ ಎಂಬುದು ಎಂಟು ದಿನವಾಗಿರಲಿಲ್ಲ. ಗಂಡ ಮೈಲಾರಿ ಗದಗಿನಾಚೆ ಗಾಳಿಯಂತ್ರಗಳ ಕಂಬ ಹತ್ತುವ ಕೆಲಸದವನು, ಮನೆಗೆ ಬರುವುದು ತಿಂಗಳಿಗೊಮ್ಮೆ. ತನುಶ್ರೀ ಬೆಳಗಿನ ಐದಕ್ಕೆ ನಿದ್ದೆಯ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಬಿಡುತ್ತಿದ್ದಳು, ಸಂಜೆ ಮೀರಿ ಬಂದು ನಿದ್ದೆಯ ಕೂಸನ್ನೇ ಹೊತ್ತೊಯ್ಯುತ್ತಿದ್ದಳು. ಅವನಿ ಹದಿಮೂರು ತಿಂಗಳಿದ್ದಾಗ ಅನಸಕ್ಕನ ಅಡಿಗೆಮನೆಯ ಹೊಸ್ತಿಲಿನಿಂದ ಡಬ್ಬಿಗಳ ಕಡೆಗೆ ಮೂರು ಹೆಜ್ಜೆ ನಡೆದಳು. ಅದು ದಸರೆ ಮುಗಿದ ವಾರ. ಆ ವಾರದಿಂದಲೇ ಕಾರ್ಖಾನೆಯಲ್ಲಿ ರವಿವಾರದ ರಜೆ ತೆಗೆದುಹಾಕಿದರು, ದೀಪಾವಳಿಗೂ ಬಿಡಲಿಲ್ಲ. ಅನಸಕ್ಕ ಕಾದಳು. ಹಗಲೆಲ್ಲ ಕೂಸು ಮನೆತುಂಬ ನಡೆದಾಡುತ್ತಿತ್ತು, ತಾಯಿ ಬರುವ ಹೊತ್ತಿಗೆ ಮಾತ್ರ ಅದನ್ನು ತಟ್ಟಿ ಮಲಗಿಸಿಬಿಡುತ್ತಿದ್ದಳು. ಎರಡು ತಿಂಗಳು ಹೀಗೆ ಬಚ್ಚಿಟ್ಟಳು. ಡಿಸೆಂಬರಿನಲ್ಲಿ ಒಂದು ರವಿವಾರ ರಜೆ ಸಿಕ್ಕಿತು, ತನುಶ್ರೀ ನೋಡಿದಳು, ಸೋಮವಾರ ಬಂದು ಬಾಗಿಲಲ್ಲಿ ನಿಂತು ನಗುತ್ತ ಅತ್ತುಬಿಟ್ಟಳು. ಅನಸಕ್ಕ ಬೆರಗಾದಳು. ಆಮೇಲೆ ಪೆಟ್ಟಿಗೆಯ ಮುಂದೆ ನಿಂತು, ನಿನ್ನೆ, ಮನೆಯಲ್ಲಿ, ತಾಯಿಯ ಮುಂದೆ ಎಂದಳು. ಅವ್ವ ಎಂಬ ಮಾತಿಗೆ ಮೂರು ತಿಂಗಳು ತಡವಾಯಿತು. ಮಾತು ಕೂಡಿಸಿ ಆಡಿದ್ದಕ್ಕೆ ಆರು ತಿಂಗಳು. ತಾಯಿಗೆ ಬಿಡುವು ಕಡಿಮೆಯಾದಷ್ಟೂ ಕೂಸು ಮಂದವಾಗುತ್ತ ಹೋಯಿತು, ಬರೀ ಪೆಟ್ಟಿಗೆಯೊಳಗೆ.

ಮರುದಿನ ಪಕ್ಕದ ಮನೆಯವಳಿಗೆ ಕೂಸುಗಳನ್ನು ಒಪ್ಪಿಸಿ ಅನಸಕ್ಕ ಧಾರವಾಡದ ಬಸ್ಸು ಹತ್ತಿದಳು. ಗೆರೆ ಕಚೇರಿಯ ದೊಡ್ಡ ಕೋಣೆಯ ಗೋಡೆ ತುಂಬ ಪರದೆ ಇತ್ತು. ಅದರ ಮೇಲೆ ಜಿಲ್ಲೆಯ ಲಕ್ಷ ಮಕ್ಕಳ ಗೆರೆಗಳು ಮಗ್ಗಕ್ಕೆ ಹಾಸಿದ ನೂಲಿನಂತೆ ಒತ್ತೊತ್ತಾಗಿ ಹರಿಯುತ್ತಿದ್ದವು. ತಪಾಸಣಾಧಿಕಾರಿ ಪ್ರಭಂಜನ ಇಟ್ನಾಳ ಎಂಬವರು ನಲವತ್ತರ ಆಸುಪಾಸಿನ ಮನುಷ್ಯ. ಕುರ್ಚಿ ಕೊಟ್ಟು ಕೂರಿಸಿ ಪೂರ್ತಿ ಕೇಳಿದರು. ಸರ್ಕಾರಿ ಕಚೇರಿಯಲ್ಲಿ ಅದುವರೆಗೆ ಯಾರೂ ಅನಸಕ್ಕನ ಮಾತನ್ನು ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಆದರೆ ಅವರು ಆಮೇಲೆ ಹೇಳಿದ ಸಂಗತಿ ಕೇಳಿ ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಯಂತ್ರ ಎಲ್ಲರ ಮಾತನ್ನೂ ಒಂದೇ ತೂಕದಲ್ಲಿ ತೂಗುವುದಿಲ್ಲವಂತೆ. ಕೂಸು ನೋಡುವವರಲ್ಲಿ ಹೆಚ್ಚಿನವರು ತಾಯಂದಿರ ಒತ್ತಾಯಕ್ಕೆ ಬಿದ್ದು ತಾರೀಖುಗಳನ್ನು ಹಿಂದಕ್ಕೆ ಹಾಕುತ್ತಾರೆ. ಕಡತಗಳ ಪ್ರಕಾರ ಜಿಲ್ಲೆಯ ಮಕ್ಕಳೆಲ್ಲ ಒಂಬತ್ತನೇ ತಿಂಗಳಿಗೇ ಎದ್ದು ನಡೆಯುತ್ತಿದ್ದಾರೆ. ಅದಕ್ಕೇ ಯಂತ್ರ ಆರು ತಿಂಗಳಿಗೊಮ್ಮೆ ತಾಯಂದಿರನ್ನು ಬೇರೆಯಾಗಿ ಕೇಳುತ್ತದೆ: ನೀವು ಯಾವತ್ತು ನೋಡಿದಿರಿ? ಕೆಲವು ತಾಯಂದಿರು ಹೇಳಿಸಿದ ಸುಳ್ಳನ್ನೇ ಮರೆತು ನಿಜ ಹೇಳಿಬಿಡುತ್ತಾರೆ. ಎರಡೂ ತಾರೀಖು ಹೊಂದದಿದ್ದರೆ ಬರೆದವಳ ನಂಬಿಕೆಯ ಅಂಕ ಇಳಿಯುತ್ತದೆ. ಜಿಲ್ಲೆಯಲ್ಲಿ ಅರವತ್ತು ಸಿಕ್ಕರೆ ಹೆಚ್ಚು. ಅನಸಕ್ಕನ ಅಂಕ ತೊಂಬತ್ತೊಂಬತ್ತು. ಅವಳ ತಾರೀಖು ಮತ್ತು ತಾಯಂದಿರ ತಾರೀಖು ಒಂದು ದಿನವೂ ಹೆಚ್ಚುಕಡಿಮೆ ಆಗಿಲ್ಲ. ಆಗುವುದಾದರೂ ಹೇಗೆ?

"ಈ ಜಿಲ್ಲಾದಾಗ ನಿಮ್ಮಷ್ಟು ಖರೇ ಬರಸೋರು ಬ್ಯಾರೆ ಯಾರೂ ಇಲ್ಲಂತ ಯಂತ್ರದ ಲೆಕ್ಕ, ಅನಸೂಯಾಬಾಯಿ," ಎಂದರು ಇಟ್ನಾಳ. "ಉಳದವರ ಮಾತಿಗೆ ಅದು ಅನುಮಾನ ಪಡತದ. ನಿಮ್ಮ ಮಾತನ್ನ ಹಂಗ ತಗೋತದ."

ಅವಳು ತಾನು ಸುಳ್ಳು ಹೇಳಿದ್ದೇನೆ ಎಂದು ಬರೆದುಕೊಡುತ್ತೇನೆ, ಪರವಾನಗಿ ಕಿತ್ತುಕೊಳ್ಳಲಿ, ಜೇಲಿಗೆ ಬೇಕಾದರೂ ಹಾಕಲಿ ಎಂದಳು. ಇಟ್ನಾಳ ತಲೆಯಾಡಿಸಿದರು. ಗೆರೆ ಕೆಂಪಗಾದ ಮೇಲೆ, ತಡವಾಗಿ ಬರೆಸಿದೆ, ಮರೆತುಬಿಟ್ಟೆ ಎಂದು ಬಂದವರು ಈ ವರ್ಷ ಒಂದು ಸಾವಿರ ಮಂದಿ. ಯಂತ್ರ ಅವರಲ್ಲಿ ಒಬ್ಬರನ್ನೂ ನಂಬಿಲ್ಲ. ನಂಬುವ ದಾರಿ ಒಂದೇ ಇದೆ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. "ತಾಯಿ ಬಂದು, ನನ್ನ ಕೂಸಿನ ಮೊದಲನೇ ಹೆಜ್ಜಿ ನಾ ನೋಡಿಲ್ಲ ಅನ್ನಬೇಕು. ಯಾವ ತಾಯೀನೂ ಹಂಗ ಸುಮ್ಮಸುಮ್ಮನ ಅನ್ನಂಗಿಲ್ಲ, ಅದಕ್ಕ ಯಂತ್ರ ಅದನ್ನ ನಂಬತದ. ಗುರುವಾರ ವಿಚಾರಣೆ ಇಡಸ್ತೇನಿ. ಅಷ್ಟರಾಗ ಆಕೀಗೆ ಎಲ್ಲಾ ಬಿಡಿಸಿ ಹೇಳ್ರಿ."

ಬಿಡಿಸಿ ಹೇಳುವುದಕ್ಕೆ ಅವಳಿಗೆ ಎರಡು ದಿನ ಇತ್ತು. ಹೇಳಬೇಕಾದದ್ದು ಒಂದು ಮಾತು.

ಮಂಗಳವಾರ ಸಂಜೆ ತನುಶ್ರೀ ಬಂದಾಗ ಅವಳ ಕೈಯಲ್ಲಿ ನೋಟಿಸಿತ್ತು. ಅವಳ ವಾರಗೆಯವರಂತೆ ಅವಳೂ ಚೆಂದದ ಹೆಸರಿನ ಹುಡುಗಿ, ಆದರೆ ಕಾರ್ಖಾನೆಯ ಪುಡಿ ಕೂತು ಇಪ್ಪತ್ತಾರಕ್ಕೇ ಉಗುರುಗಳು ಕರ್ರಗಾಗಿದ್ದವು. ಅತ್ತು ಕರೆದು ಮಾಡುತ್ತಾಳೆ ಎಂದು ಅನಸಕ್ಕ ಹೆದರಿಕೊಂಡಿದ್ದಳು. ತನುಶ್ರೀ ಅಳಲಿಲ್ಲ, ಧೈರ್ಯವಾಗಿದ್ದಳು. ತಾಯಿಗೆ ಮಗುವಿನ ಮೇಲೆ ಗಮನವಿಲ್ಲ ಎಂದುಕೊಂಡೇ ಯಂತ್ರ ಹೀಗೆ ಮಾಡಿದೆ ಎಂದು ಅವಳ ತಿಳಿವಳಿಕೆ. ಗುರುವಾರ ಎಲ್ಲವನ್ನೂ ತಾರೀಖಿನ ಸಮೇತ ಹೇಳಿಬಿಡುತ್ತೇನೆ, ಕೆಲಸಕ್ಕೆ ಹೋಗುವ ತಾಯಿಯಾದರೂ ನನಗೆ ಎಲ್ಲಾ ಬಾಯಿಪಾಠ ಇದೆ ಎಂದು ಅವರಿಗೆ ಗೊತ್ತಾಗಲಿ ಎಂದಳು. ರವಿವಾರದ ರಜೆ ಹೋದಾಗಿನಿಂದ ಮಗಳು ಎಚ್ಚರವಿದ್ದದ್ದನ್ನು ಅವಳು ಸರಿಯಾಗಿ ಕಂಡದ್ದು ಕೈಬೆರಳಲ್ಲಿ ಎಣಿಸುವಷ್ಟು ದಿನ. ಆ ದಿನಗಳನ್ನು ಒಂದೊಂದಾಗಿ ಹೇಳತೊಡಗಿದಳು. ಹೇಳುತ್ತ ಹೇಳುತ್ತ ನೋಟಿಸು ಮರೆತೇ ಹೋಗಿ ಅವಳ ಮುಖ ಅರಳಿತು.

ಅನಸಕ್ಕ ಬಾಯಿ ತೆರೆದಳು. "ತಂಗಿ," ಎಂದಳು. ತನುಶ್ರೀ ತಲೆಯೆತ್ತಿ ನೋಡಿದಳು. "ಛಾ ಕುಡೀತಿಯೇನು?" ಎಂದುಬಿಟ್ಟಳು ಅನಸಕ್ಕ.

ಒಳಗೆ ಹೋಗಿ ಒಲೆಯ ಮುಂದೆ ನಿಂತು ತನ್ನನ್ನು ತಾನೇ ಬೈದುಕೊಂಡಳು. ಪರವಾನಗಿ ಹೋಗುತ್ತದೆ ಎಂದಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಊರೆಲ್ಲ ಸುಳ್ಳುಗಾರ್ತಿ ಎಂದರೂ ತಡೆದುಕೊಳ್ಳುತ್ತಿದ್ದಳು. ಇದು ಮಾತ್ರ ಆಗುತ್ತಿರಲಿಲ್ಲ. ಈ ಹುಡುಗಿಯ ಬಳಿ ಇದ್ದದ್ದೇ ಮೂರು 'ಮೊದಲು'ಗಳ ಆಸ್ತಿ, ಆ ಮೂರನ್ನೂ ತಾನೇ ಕೊಟ್ಟು, ಈಗ ತಾನೇ ಕೈಯಿಂದ ಕಿತ್ತುಕೊಂಡು, ಇವು ಖೊಟ್ಟಿ, ನಿಜವಾದದ್ದನ್ನೆಲ್ಲ ನಾನು ಉಂಡಾಯಿತು ಎನ್ನಬೇಕಿತ್ತು. ಬುಧವಾರ ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡಳು. ಬೆಳಿಗ್ಗೆ ಕಾರ್ಖಾನೆಯ ಬಸ್ಸು ಓಣಿಯ ತುದಿಯಲ್ಲಿ ಹಾರ್ನು ಹೊಡೆಯುತ್ತಿತ್ತು, ತನುಶ್ರೀ ಕೂಸನ್ನು ಕೈಗಿತ್ತು ಓಡಿದಳು. ಸಂಜೆ ಉಳಿದ ತಾಯಂದಿರೂ ಅಲ್ಲೇ ನಿಂತಿದ್ದರು. ಗುರುವಾರ ಧಾರವಾಡದ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತಿದ್ದರೂ ನಡುವೆ ಅವನಿ ನಿಂತುಕೊಂಡು ಕಿಟಕಿಯಲ್ಲಿ ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಿದ್ದಳು. ಕಚೇರಿಯಲ್ಲಿ ಹೇಗೂ ಸಾಹೇಬರ ಮುಂದೆಯೇ ಮಾತಾಗುತ್ತದೆ, ಆಗ ಅವರೇ ಕೇಳುತ್ತಾರೆ, ತಾನು ಹೂಂ ಎಂದರೆ ಸಾಕು ಎಂದು ಅನಸಕ್ಕ ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಹೇಡಿತನಕ್ಕೆ ಸಮಾಧಾನ ಯಾವತ್ತೂ ಕೈಗೆಟಕುವಷ್ಟು ದೂರದಲ್ಲೇ ಇರುತ್ತದೆ.

ವಿಚಾರಣೆಯನ್ನು ಯಂತ್ರವೇ ನಡೆಸುತ್ತದೆ, ಇಬ್ಬರನ್ನೂ ಬೇರೆಬೇರೆ ಕೇಳುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಇಟ್ನಾಳರು ಹೇಳಿರಲಿಲ್ಲ, ಅವಳು ಕೇಳಿರಲಿಲ್ಲ. ಮೊದಲು ಅವಳ ಸರದಿ ಮುಗಿಯಿತು. ಎಲ್ಲವನ್ನೂ ಹೇಳಿದಳು, ಹೊಸ್ತಿಲು, ಡಬ್ಬಿ, ದಸರೆಯ ವಾರ. ಹೊರಗೆ ಬಂದಾಗ ತನುಶ್ರೀಯನ್ನು ಆಗಲೇ ಗಾಜಿನ ಕೋಣೆಯೊಳಗೆ ಕೂರಿಸಿ ಬಾಗಿಲು ಮುಚ್ಚಿದ್ದರು.

"ಹೇಳೀರಲ್ಲ ಆಕೀಗೆ?" ಎಂದು ಇಟ್ನಾಳ ಕೇಳಿದರು.

ಅನಸಕ್ಕ ಮುಚ್ಚಿದ ಬಾಗಿಲಿನ ಕಡೆ ತಿರುಗಿದಳು. ಇಟ್ನಾಳರು ಅವಳ ಮುಖ ನೋಡಿ, ತಡೆಯಲು ಎದ್ದವರು ಹಾಗೆಯೇ ಕೂತರು. ಶುರುವಾದ ವಿಚಾರಣೆಯ ನಡುವೆ ಯಾರಾದರೂ ಬಾಗಿಲು ತೆರೆದರೆ ಸಾಕ್ಷಿ ರದ್ದು, ಸಾಕ್ಷಿ ರದ್ದಾದರೆ ಗೆರೆ ಇದ್ದಂತೆಯೇ ಖಾಯಂ. ಗೋಡೆಯ ಪರದೆಯ ಮೇಲೆ ಈಗ ಅವನಿಯ ಗೆರೆ ಒಂದೇ ಇತ್ತು. ಗಾಜಿನ ಕೋಣೆಯ ಮಾತು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಯಂತ್ರದ ದನಿ ಹೆಣ್ಣಿನದು, ಮೃದುವಾಗಿತ್ತು. ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ವಿವರಿಸಿ ಎಂದಿತು.

"ಡಿಸೆಂಬರ ಎರಡನೇ ರವಿವಾರರಿ," ಎಂದಳು ತನುಶ್ರೀ. "ಮುಂಜಾನೆ ರೊಟ್ಟಿ ಬಡ್ಯಾಕತ್ತಿದ್ನಿ. ಅಕಿ ಹೊರಸು ಹಿಡಕೊಂಡ ನಿಂತಿದ್ಲು. ಕೈ ಬಿಟ್ಲು ನೋಡ್ರಿ, ನಾಕ ಹೆಜ್ಜಿ ಬಂದು ನನ್ನ ಬೆನ್ನಿಗೆ ಬಿದ್ಲು. ನಾ ಹಿಟ್ಟಿನ ಕೈಲೇ ಹಿಡಕೊಂಡ್ನಿ. ಅಕಿ ಅಂಗಿ ಮ್ಯಾಲ ನನ್ನ ಕೈ ಮೂಡಿತ್ರಿ, ಐದೂ ಬೆರಳು. ಆ ಅಂಗಿ ನಾ ಇನ್ನೂ ತೊಳದಿಲ್ಲ."

ಅದಕ್ಕೂ ಮುಂಚೆ ಮಗು ಬೇರೆಲ್ಲಾದರೂ ನಡೆದಿರಬಹುದೆಂದು ನಿಮಗೆ ಅನ್ನಿಸುತ್ತದೆಯೇ ಎಂದು ಯಂತ್ರ ಕೇಳಿತು. ಅನಸಕ್ಕ ಎದ್ದು ಗಾಜಿನ ಹತ್ತಿರ ಹೋಗಿ ನಿಂತಳು. ಒಳಗಿನಿಂದ ಹೊರಗಿನದು ಕಾಣುತ್ತಿರಲಿಲ್ಲ. ತನುಶ್ರೀ ಒಂದಿಷ್ಟೂ ತಡೆಯದೆ, ಸ್ವಲ್ಪ ಸೊಕ್ಕಿನಿಂದಲೇ ಹೇಳಿದಳು.

"ಇಲ್ರಿ. ಅವತ್ತ ಮೊದಲ. ಹಡದಾಕೀಗೆ ತಿಳ್ಯಂಗಿಲ್ಲೇನ್ರಿ?"

ಪರದೆಯ ಮೇಲೆ ತಾಯಿಯ ಮಾತಿನ ಮುಂದೆ ನೂರು ಎಂಬ ಅಂಕ ಮೂಡಿತು. ಕೆಂಪು ಗೆರೆ ಒಂದು ಕ್ಷಣ ಮಿಣುಕಿ, ಆಮೇಲೆ ದಪ್ಪವಾಗಿ ನಿಂತಿತು. ಅವ್ವ ಎಂದ ದಿನವನ್ನೂ ಮಾತು ಕೂಡಿಸಿದ ದಿನವನ್ನೂ ಅವಳು ಅಷ್ಟೇ ಚೆನ್ನಾಗಿ, ಅಷ್ಟೇ ಪ್ರೀತಿಯಿಂದ ಹೇಳಿದಳು. ಅಷ್ಟು ಒಳ್ಳೆಯ ಸಾಕ್ಷಿ ಆ ಕಚೇರಿಯಲ್ಲಿ ಯಾರೂ ನುಡಿದಿರಲಿಕ್ಕಿಲ್ಲ. ಒಂದೊಂದು ಮಾತಿಗೂ ಅವಳು ಮಗಳನ್ನು ಬೆಳಗಾವಿ ರಸ್ತೆಯ ಕಡೆಗೆ ಒಂದೊಂದು ಹೆಜ್ಜೆ ನೂಕುತ್ತಿದ್ದಳು, ನೂಕುತ್ತಿದ್ದೇನೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅನಸಕ್ಕ ನೋಡುತ್ತ ನಿಂತಿದ್ದಳು. ಮಗು ಹೊರಗಿನ ಬೆಂಚಿನ ಮೇಲೆ ಕಚೇರಿಯ ಸಿಪಾಯಿಯ ಟೊಪ್ಪಿಗೆ ಹಾಕಿಕೊಂಡು ಆಡುತ್ತಿತ್ತು.

ತೀರ್ಪು ಬರಲು ಐದು ನಿಮಿಷವೂ ಹಿಡಿಯಲಿಲ್ಲ. ಇಟ್ನಾಳರು ಇಬ್ಬರನ್ನೂ ಕೂರಿಸಿ ಓದಿದರು. ಮಗು ಅಕ್ಟೋಬರಿನಲ್ಲೇ ನಡೆದಿತ್ತೆಂದು ಪಾಲಕಿ ಅನಸೂಯಾಬಾಯಿ ಹೇಳಿದ್ದು ಮಗುವಿನ ಮೇಲಿನ ಮಮತೆಯಿಂದ ಹುಟ್ಟಿದ ಸುಳ್ಳು, ತಾಯಿಯ ಸಾಕ್ಷಿಯೊಂದಿಗೆ ಹೊಂದುವುದಿಲ್ಲ, ಆದ್ದರಿಂದ ಮೊದಲಿನ ತಾರೀಖುಗಳೇ ಸರಿ. ಪಾಲಕಿಯ ನಂಬಿಕೆಯ ಅಂಕವನ್ನು ತೊಂಬತ್ತೊಂಬತ್ತರಿಂದ ತೊಂಬತ್ತೆಂಟಕ್ಕೆ ಇಳಿಸಲಾಗಿದೆ. ಮಗುವನ್ನು ಸೆಪ್ಟೆಂಬರ್ ಇಪ್ಪತ್ತರೊಳಗೆ ಆರೈಕೆ ಶಾಲೆಗೆ ತಲುಪಿಸತಕ್ಕದ್ದು. ನೋಟಿಸು ಬಂದ ಮೇಲೆ ತನುಶ್ರೀ ಮೊದಲ ಸಲ ಅತ್ತಳು. ಬಾಗಿಲವರೆಗೆ ಬಂದ ಇಟ್ನಾಳರು ಅನಸಕ್ಕನನ್ನು ಪಕ್ಕಕ್ಕೆ ಕರೆದರು. "ನಾ ನಿಮ್ಮನ್ನ ನಂಬತೇನ್ರಿ," ಎಂದರು. "ಆದ್ರ ನಾ ನಂಬಿದ್ರ ಏನೂ ಆಗಂಗಿಲ್ಲ."

ತಿರುಗಿ ಬರುವಾಗ ಬಸ್ಸಿನಲ್ಲಿ ಬಿಸಿಲು ಹೊಡೆಯುತ್ತಿತ್ತು. ಅವನಿ ತಾಯಿಯ ತೊಡೆಯ ಮೇಲೆ ಮಲಗಿದ್ದಳು. ನವಲೂರು ದಾಟಿದ ಮೇಲೆ ತನುಶ್ರೀ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು. "ಅಕ್ಕಾ, ಅಕ್ಟೋಬರದಾಗ ನಡದಿದ್ಲು ಅಂತ ಹೇಳೀರಂತಲ್ಲ. ಖರೇನ್ರಿ ಅದು?"

ಕೇಳಿದ ದನಿಯಲ್ಲಿ ಭಯವಿತ್ತು. ಎರಡು ದಿನದಿಂದ ಗಂಟಲಲ್ಲಿ ಕೂತಿದ್ದ ಮಾತು ಈಗ ತಾನಾಗಿ ಹೊರಬರುವುದಿತ್ತು. ಈಗ ಅದು ಬಂದರೆ ಮಗುವಿಗೆ ಮೂರು ಕಾಸಿನ ಉಪಯೋಗವಿರಲಿಲ್ಲ. ತಾಯಿಗೆ ಮಾತ್ರ, ತನ್ನ ಸಂತೋಷ ಸುಳ್ಳೆಂದೂ ಮಗಳನ್ನು ಕಳಿಸಿದ್ದು ತನ್ನದೇ ಮಾತೆಂದೂ ಒಟ್ಟಿಗೇ ತಿಳಿಯುತ್ತಿತ್ತು. ಅನಸಕ್ಕ ಅವಳ ಕೈ ಮೇಲೆ ಕೈಯಿಟ್ಟಳು.

"ಇಲ್ಲ ತಂಗಿ. ಕೂಸು ಉಳೀಲಿ ಅಂತ ನಾ ಸುಳ್ಳ ಹೇಳಿದ್ನಿ. ನೀ ನೋಡಿದ್ದ ಖರೇ."

ತನುಶ್ರೀ ನಿಟ್ಟುಸಿರು ಬಿಟ್ಟು ಅವಳ ಭುಜಕ್ಕೆ ತಲೆ ಆನಿಸಿದಳು. ನನ್ನ ಮಗಳ ಸಲುವಾಗಿ ಇಷ್ಟು ಮಾಡಿದಿರಲ್ಲ, ನಮ್ಮವ್ವನೂ ಹೀಗೆ ಮಾಡುತ್ತಿರಲಿಲ್ಲ ಎಂದಳು. ಆ ಮಾತು ಅನಸಕ್ಕನನ್ನು ಸುಟ್ಟಿತು. ಯಾರಾದರೂ ಜುಟ್ಟು ಹಿಡಿದು ಬಡಿದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು.

ಸೆಪ್ಟೆಂಬರ್ ಹದಿನೆಂಟಕ್ಕೆ ಅವನಿ ಹೋದಳು. ಮೈಲಾರಿ ರಜೆ ಹಾಕಿ ಬಂದು ಬಿಟ್ಟು ಬಂದ. ಮಗು ಅಲ್ಲಿ ಅಳಲಿಲ್ಲ, ಸಂಜೆ ಕರೆದುಕೊಂಡು ಹೋಗಲು ಬರುತ್ತಾರೆ ಎಂದುಕೊಂಡಿತ್ತು ಎಂದು ಹೇಳಿ ಅವನು ಗದಗಿಗೆ ಹೋದ. ಅಕ್ಟೋಬರಿನಲ್ಲಿ ಭೇಟಿಯ ರವಿವಾರ ಬಂದಾಗ ಕಾರ್ಖಾನೆಯಲ್ಲಿ ರಜೆ ಇರಲಿಲ್ಲ.

ಅನಸಕ್ಕ ಅತ್ತೆಯ ಕಟ್ಟಳೆಯನ್ನು ಬಿಟ್ಟಳು. ಈಗ ಯಾವ ಕೂಸು ಮಗ್ಗುಲಾದರೂ, ಎದ್ದು ನಿಂತರೂ, ಆ ನಿಮಿಷವೇ ಪೆಟ್ಟಿಗೆಯ ಮುಂದೆ ನಿಂತು ಒಪ್ಪಿಸುತ್ತಾಳೆ. ಐದು ಮಕ್ಕಳ ಗೆರೆಗಳೂ ಹಸಿರಾಗಿವೆ, ತಾಯಂದಿರು ಖುಷಿಯಲ್ಲಿದ್ದಾರೆ ಎಂದು ಪ್ರಾಧಿಕಾರದ ಕಾಗದ ಬಂದಿದೆ. ಕಳೆದ ವಾರ ಹನ್ನೊಂದು ತಿಂಗಳ ಒಂದು ಕೂಸು ನಡೆಯಿತು. ಅದರ ತಾಯಿ ಅದನ್ನು ಕಾರ್ಖಾನೆಯ ಊಟದ ಹೊತ್ತಿನಲ್ಲಿ ಫೋನಿನ ಮೇಲೆ ಓದಿದಳು. ಸಂಜೆ ಬಂದವಳು, ಒಳ್ಳೆಯದಾಯಿತು ಎಂದಷ್ಟೇ ಹೇಳಿ, ಮಗುವನ್ನು ಇಳಿಸಿ ಇನ್ನೊಮ್ಮೆ ನಡೆಸಿ ನೋಡಲೂ ನಿಲ್ಲದೆ ಮನೆಗೆ ಹೋದಳು. ಅನಸಕ್ಕ ಬೆರಗಾಗುವ ಪ್ರಸಂಗವೇ ಈಗ ಬರುವುದಿಲ್ಲ.

ಕರೆದೊಯ್ಯಲು ಕೂಸಿಲ್ಲದಿದ್ದರೂ ತನುಶ್ರೀ ಸಂಜೆ ಬರುವುದನ್ನು ಬಿಟ್ಟಿಲ್ಲ. ಕಾರ್ಖಾನೆಯ ಬಸ್ಸಿನಿಂದಿಳಿದು ನೇರ ಇಲ್ಲಿಗೇ ಬಂದು, ಕಟ್ಟೆಯ ಮೇಲೆ ಕೂತು, ಆರೈಕೆ ಶಾಲೆಯಿಂದ ಬಂದ ದಿನದ ವರದಿಯನ್ನು ಅಕ್ಕನಿಗೆ ಓದಿ ಹೇಳುತ್ತಾಳೆ. ಅಲ್ಲಿನ ಪೆಟ್ಟಿಗೆ ಇನ್ನೂ ಚುರುಕು, ಏನನ್ನೂ ಬಿಡುವುದಿಲ್ಲ. ಮೊದಲ ವಾರಗಳಲ್ಲೆಲ್ಲ, ಮಗು ಇಂದು ತಾಯಿಯನ್ನು ಹದಿನಾಲ್ಕು ಬಾರಿ ಕೇಳಿತು, ಇಂದು 'ಅನ್ನಕ್ಕ' ಎಂಬವರನ್ನು ಆರು ಬಾರಿ ಕೇಳಿತು, ಊಟ ಅರ್ಧ ಬಿಟ್ಟಿತು ಎಂದು ಬರುತ್ತಿತ್ತು. ಆ ಎಣಿಕೆ ದಿನದಿಂದ ದಿನಕ್ಕೆ ಇಳಿಯುತ್ತಿತ್ತು.

ನವೆಂಬರಿನ ಮೊದಲ ವಾರ ಒಂದು ಸಂಜೆ ತನುಶ್ರೀ ಬಂದಾಗ ಅವಳ ನಡಿಗೆಯಲ್ಲಿ ಅವಸರವಿತ್ತು. ಫೋನನ್ನು ಅನಸಕ್ಕನ ಕೈಗೇ ಕೊಟ್ಟಳು. ಅನಸಕ್ಕ ದೀಪದ ಕೆಳಗೆ ಹಿಡಿದು ಓದಿದಳು.

"ಮಾನ್ಯ ಪೋಷಕರೇ, ಅವನಿ ಇಂದು ದಿನವಿಡೀ ತಾಯಿಯನ್ನು ಕೇಳಲಿಲ್ಲ. ಇದು ಮೊದಲ ಬಾರಿ. ಮಗುವಿನ ಗೆರೆ ಮೂರು ಅಂಕ ಏರಿದೆ. ಅಭಿನಂದನೆಗಳು."

"ಗೆರಿ ಏರೈತಿ ಅಂತ್ರಿ ಅಕ್ಕಾ," ಎಂದಳು ತನುಶ್ರೀ. "ಚಲೋ ಸುದ್ದಿ ಹೌದಲ್ರಿ?"

ಮೂವತ್ತು ವರ್ಷ ಕೂಸುಗಳನ್ನು ನೋಡಿದವಳಿಗೆ ಇದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ. ಮೂರು ವರ್ಷದ ಮಗು ಎರಡು ತಿಂಗಳಲ್ಲಿ ತಾಯಿಯನ್ನು ಮರೆಯುವುದಿಲ್ಲ. ಕೇಳಿ ಉಪಯೋಗವಿಲ್ಲ ಎಂದು ತಿಳಿದಾಗ ಅದು ಕೇಳುವುದನ್ನು ನಿಲ್ಲಿಸುತ್ತದೆ. ಅನಸಕ್ಕ ಫೋನನ್ನು ಸೆರಗಿನಿಂದ ಒರೆಸಿ ಹಿಂದಕ್ಕೆ ಕೊಟ್ಟಳು.

"ಹೌದವ್ವ," ಎಂದಳು. "ಚಲೋ ಸುದ್ದಿ."

ಮೈಲಾರಿಗೂ ಖುಷಿಯಾಗಲಿ ಎಂದು ತನುಶ್ರೀ ಅಲ್ಲೇ ನಿಂತು ಆ ಸಂದೇಶವನ್ನು ಅವನಿಗೆ ಕಳಿಸಿದಳು.